ಗೋಡೆಗೆ ಕಣ್ಣು ಬಂದ ಮೇಲೆ ನಿದ್ದೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ ಗೀಸರ್ ಎಷ್ಟು ಕರೆಂಟು ತಿನ್ನುತ್ತದೆ ಎಂಬ ಪ್ರಶ್ನೆಗೆ ಉತ್ತರಿಸಿದ್ದೆ. ಆಗ ನಮ್ಮ ಮನೆಯ ಗೋಡೆಗಳಿಗೆ ನಾನೇ ಅಂಟಿಸಿರುವ ಸೆನ್ಸರುಗಳ ವಿಷಯ ಒಂದು ಸಾಲಿನಲ್ಲಿ ಬಂದಿತ್ತು: ಅವು ಮನೆಯವರ ನಿದ್ದೆಯ ಲೆಕ್ಕವನ್ನೂ ಬರೆಯುತ್ತವೆ ಎಂದು. ಗೀಸರ್ ಬಗ್ಗೆ ಮತ್ತೆ ಯಾರೂ ಕೇಳಲಿಲ್ಲ. ನಿದ್ದೆಯ ಬಗ್ಗೆ ಬಂದ ಪತ್ರಗಳಿಂದ ಒಂದು ಕೈಚೀಲ ತುಂಬಿದೆ. ನಾನು ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತೊಂದು ವರ್ಷ ಇನ್‌ಸ್ಟ್ರುಮೆಂಟೇಶನ್ ಕಲಿಸಿ ನಿವೃತ್ತನಾದವನು, ವೈದ್ಯನಲ್ಲ. ಆದ್ದರಿಂದ ನಿದ್ದೆ ಮಾತ್ರೆಯ ಹೆಸರು ಕೇಳಿದವರು ದಯವಿಟ್ಟು ಕ್ಷಮಿಸಬೇಕು. ಉಳಿದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಅಪ್ಪ ತೀರಿಕೊಂಡ ಮೇಲೆ ಎಪ್ಪತ್ತೆಂಟು ವರ್ಷದ ಅಮ್ಮ ದಾವಣಗೆರೆಯ ಮನೆಯಲ್ಲಿ ಒಬ್ಬರೇ ಇದ್ದಾರೆ. ಮನೆಯಲ್ಲೆಲ್ಲ ಸೆನ್ಸರ್ ಹಾಕಿಸಿದರೆ ಅವರು ಎಷ್ಟು ಹೊತ್ತಿಗೆ ಮಲಗುತ್ತಾರೆ, ರಾತ್ರಿ ಎಷ್ಟು ಸಲ ಏಳುತ್ತಾರೆ ಎಂಬುದನ್ನು ಯಂತ್ರ ಕಲಿಕೆಯಿಂದ (ಮಷೀನ್ ಲರ್ನಿಂಗ್) ಮುಂಚಿತವಾಗಿಯೇ ಹೇಳಬಹುದು ಎನ್ನುತ್ತಾರೆ. ಅಮ್ಮ ಬೇಡವೇ ಬೇಡ ಎನ್ನುತ್ತಿದ್ದಾರೆ. ಇದನ್ನು ಎಷ್ಟು ನಂಬಬಹುದು? ಹಾಕಿಸಲೇ?

ಉತ್ತರ: ಮೊದಲು ಆ ಯಂತ್ರಕ್ಕೆ ಏನು ಕಾಣುತ್ತದೆ ಎಂಬುದನ್ನು ತಿಳಿದುಕೊಳ್ಳಿ. ಗೋಡೆಗೆ ಅಂಟಿಸುವ ಬಿಳಿ ಗುಬ್ಬಿಯಂಥ ಚಲನೆಯ ಸೆನ್ಸರಿನೊಳಗೆ ಶಾಖಕ್ಕೆ ಸ್ಪಂದಿಸುವ ಎರಡು ಪುಟ್ಟ ಹರಳಿನ ತುಣುಕುಗಳಿರುತ್ತವೆ. ಮೈಬಿಸಿ ಇರುವ ಜೀವಿಯೊಂದು ಮುಂದೆ ಹಾದುಹೋದಾಗ ಒಂದರ ಮೇಲೆ ಮೊದಲು, ಇನ್ನೊಂದರ ಮೇಲೆ ಆಮೇಲೆ ಶಾಖ ಬೀಳುತ್ತದೆ. ಆ ವ್ಯತ್ಯಾಸವಷ್ಟೇ ಅದಕ್ಕೆ ಗೊತ್ತು. ನಿಮ್ಮ ಅಮ್ಮ ಆರಾಮ ಕುರ್ಚಿಯಲ್ಲಿ ಅಲುಗಾಡದೆ ಕುಳಿತು ಜಪ ಮಾಡಿದರೆ ಅದರ ಪಾಲಿಗೆ ಅವರು ಅಲ್ಲಿ ಇಲ್ಲವೇ ಇಲ್ಲ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತೇವಲ್ಲ, ಆ ಸಂತೆಯಲ್ಲಿ ಮಲಗಿದವನನ್ನು ಈ ಸೆನ್ಸರ್ ಬೆಳಗಿನವರೆಗೂ ಎಚ್ಚರವಾಗಿದ್ದ ಎಂದೇ ಬರೆದುಕೊಳ್ಳುತ್ತದೆ. ಚಿಂತೆಯಿಂದ ಸೂರು ನೋಡುತ್ತ ಮಲಗಿದವನನ್ನು ಸುಖನಿದ್ದೆಯ ಪಟ್ಟಿಗೆ ಸೇರಿಸುತ್ತದೆ.

ಹಾಗಾದರೆ ನಿದ್ದೆ ಎಲ್ಲಿಂದ ಬಂತು? ನಡುಮನೆಯ ಸೆನ್ಸರ್ ಸುಮ್ಮನಾಯಿತು, ಬಚ್ಚಲ ಬಾಗಿಲು ತೆರೆದು ಮುಚ್ಚಿತು, ಮಂಚದ ಮೇಲಿನದು ಎರಡು ಸಲ ಮಿನುಗಿತು, ಆಮೇಲೆ ಮೌನ. ಈ ಸರಪಳಿಯನ್ನು ನೂರಾರು ರಾತ್ರಿ ನೋಡಿದ ಮೇಲೆ ಯಂತ್ರ ಆ ಮೌನಕ್ಕೆ ನಿದ್ದೆ ಎಂದು ಹೆಸರಿಡುತ್ತದೆ. ಜಗಲಿಯಲ್ಲಿ ಕುಳಿತವನು ಒಳಗಿನ ಸದ್ದು ಕೇಳಿಯೇ ಅಡುಗೆ ಎಲ್ಲಿಗೆ ಬಂತು ಎಂದು ಹೇಳುವ ಹಾಗೆ ಇದು. ಸಾಸಿವೆ ಸಿಡಿಯಿತು ಎಂದರೆ ಒಗ್ಗರಣೆ ಆಯಿತು, ಇನ್ನು ಬಾಳೆ ಹಾಕುವುದೇ ಬಾಕಿ. ಒಳಗೆ ಹೋಗಿ ನೋಡಿದ್ದಾನೆಯೇ? ಇಲ್ಲ. ಆದರೂ ಅವನ ಊಹೆ ಸಾಮಾನ್ಯವಾಗಿ ತಪ್ಪುವುದಿಲ್ಲ, ಏಕೆಂದರೆ ಅದು ಅವನದೇ ಮನೆ. ಪಕ್ಕದ ಮನೆಯ ಜಗಲಿಯಲ್ಲಿ ಕೂರಿಸಿ ಕೇಳಿದರೆ ತಡವರಿಸುತ್ತಾನೆ. ಹಿಡನ್ ಮಾರ್ಕೊವ್ ಮಾದರಿ ಎಂಬ ದೊಡ್ಡ ಹೆಸರಿನ ಒಳಗಿರುವುದು ಇಷ್ಟೇ: ಕಾಣದ ಸ್ಥಿತಿಯನ್ನು ಕೇಳಿಸುವ ಸದ್ದಿನಿಂದ ಊಹಿಸುವುದು.

ನಾನು ಇದನ್ನು ಪುಸ್ತಕ ನೋಡಿ ಹೇಳುತ್ತಿಲ್ಲ. ಶಿರಸಿಯ ಕಡೆ ನಮ್ಮ ಹಳೆಯ ಮನೆಯಲ್ಲಿ ಎಂಬತ್ತಮೂರು ವರ್ಷದ ಆಯಿ (ನನ್ನ ತಾಯಿ), ನಾನು, ನನ್ನ ಹೆಂಡತಿ ಇದ್ದೇವೆ. ಆರು ಚಲನೆಯ ಸೆನ್ಸರುಗಳು, ಬಾಗಿಲುಗಳಿಗೆ ಮೂರು ಅಯಸ್ಕಾಂತದ ಸ್ವಿಚ್ಚುಗಳು, ಟಿ.ವಿ. ಮತ್ತು ಗೀಸರಿಗೆ ಒಂದೊಂದು ಸ್ಮಾರ್ಟ್ ಪ್ಲಗ್ಗು. ಎಲ್ಲದರ ಲೆಕ್ಕ ಇಟ್ಟುಕೊಳ್ಳಲು ಅಟ್ಟದ ಮೇಲೆ ಇಸ್ಪೀಟು ಪ್ಯಾಕಿನಷ್ಟು ದೊಡ್ಡ ರಾಸ್ಪ್‌ಬೆರಿ ಪೈ ಎಂಬ ಕಂಪ್ಯೂಟರ್. ಮೊದಲ ತಿಂಗಳ ವರದಿಯ ಪ್ರಕಾರ ಆಯಿ ರಾತ್ರಿ ಏಳೆಂಟು ಸಲ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ನನಗೆ ಗಾಬರಿಯಾಯಿತು. ಕೇಳಿದರೆ ಅವಳು ನಕ್ಕಳು. ಎರಡು ರಾತ್ರಿ ಕಾದು ಕುಳಿತ ಮೇಲೆ ತಿಳಿಯಿತು: ಹೋಗುತ್ತಿದ್ದುದು ಬೆಕ್ಕು.

ಎರಡನೆಯ ಪಾಠ ಇನ್ನೂ ನಾಚಿಕೆಯದು. ಹತ್ತೂವರೆಯಿಂದ ಐದರವರೆಗೆ ಮನೆಯ ಮೂವರೂ ಕಲ್ಲಿನಂತೆ ನಿದ್ದೆ ಮಾಡುತ್ತಾರೆ ಎಂದು ವಾರಗಟ್ಟಲೆ ಬರೆದಿತ್ತು. ಎಲ್ಲರೂ ಒಂದೇ ನಿಮಿಷಕ್ಕೆ ಮಲಗಿ ಒಂದೇ ನಿಮಿಷಕ್ಕೆ ಏಳುವುದು ಯಾವ ಆಶ್ರಮದಲ್ಲೂ ಸಾಧ್ಯವಿಲ್ಲ. ನನ್ನ ಹೆಂಡತಿ ಮಲಗುವ ಮುನ್ನ ವೈಫೈ ಪೆಟ್ಟಿಗೆಯ ಸ್ವಿಚ್ಚನ್ನು ಆರಿಸುತ್ತಿದ್ದಳು. ಸೆನ್ಸರುಗಳ ಸುದ್ದಿ ಅಟ್ಟಕ್ಕೆ ತಲುಪುತ್ತಿರಲಿಲ್ಲ. ಸುದ್ದಿ ಇಲ್ಲದಿರುವುದನ್ನು ನನ್ನ ಪ್ರೋಗ್ರಾಂ ನಿದ್ದೆ ಎಂದು ತಿಳಿದಿತ್ತು. ಕರೆಂಟು ಹೋದ ರಾತ್ರಿಗಳೂ ಹಾಗೆಯೇ. ನಿಮಗೆ ಯಾರಾದರೂ ಇಂಥ ವ್ಯವಸ್ಥೆ ಮಾರಲು ಬಂದರೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಮಾಹಿತಿ ಬಾರದ ಹೊತ್ತನ್ನು ನಿಮ್ಮ ಯಂತ್ರ ಏನೆಂದು ಬರೆಯುತ್ತದೆ?

ಇನ್ನು ಮುನ್ಸೂಚನೆ. ಈ ರಾತ್ರಿ ಆಯಿ ಎಷ್ಟು ಹೊತ್ತಿಗೆ ಮಲಗುತ್ತಾಳೆ ಎಂದು ಸಂಜೆಯೇ ಹೇಳಬೇಕು. 1982ರಲ್ಲಿ ಅಲೆಕ್ಸಾಂಡರ್ ಬೊರ್ಬೇಲಿ ಎಂಬ ವಿಜ್ಞಾನಿ ನಿದ್ದೆಯನ್ನು ಎರಡು ಎಳೆಗಳಲ್ಲಿ ವಿವರಿಸಿದರು. ಎಚ್ಚರವಿದ್ದಷ್ಟು ಹೊತ್ತೂ ಏರುತ್ತ ಹೋಗುವ ನಿದ್ದೆಯ ಒತ್ತಡ ಒಂದು. ಅದಕ್ಕೆ ಕಾಯದೆ ತನ್ನಷ್ಟಕ್ಕೆ ತಿರುಗುವ ಮೈಯೊಳಗಿನ ಗಡಿಯಾರ ಇನ್ನೊಂದು. ಹಾಗಾಗಿ ನಾನು ಯಂತ್ರಕ್ಕೆ ಕೊಟ್ಟ ಸುಳಿವುಗಳು ಇವು: ಬೆಳಗ್ಗೆ ಎದ್ದ ಹೊತ್ತು, ಮಧ್ಯಾಹ್ನದ ಜೊಂಪು ಎಷ್ಟು ಉದ್ದ, ಟಿ.ವಿ. ಆರಿದ ಹೊತ್ತು, ಹಿಂದಿನ ಏಳು ರಾತ್ರಿ ಮಲಗಿದ ಹೊತ್ತು. ರ‍್ಯಾಂಡಮ್ ಫಾರೆಸ್ಟ್ ಎಂಬ ವಿಧಾನದಲ್ಲಿ ಇಂಥ ಸುಳಿವುಗಳ ಮೇಲೆ ಹೌದು-ಇಲ್ಲ ಪ್ರಶ್ನೆಗಳಿಂದ ಕವಲೊಡೆಯುವ ನೂರಾರು ನಿರ್ಣಯವೃಕ್ಷಗಳನ್ನು ಬೆಳೆಸಿ, ಅವುಗಳ ಉತ್ತರಗಳ ಸರಾಸರಿ ತೆಗೆಯುತ್ತಾರೆ. ಮೂರು ತಿಂಗಳು ಕೂತು ಮಾಡಿದೆ. ನನ್ನ ಕಾಡು ಸರಾಸರಿ ಹದಿನೇಳು ನಿಮಿಷ ತಪ್ಪುತ್ತಿತ್ತು. ಯಂತ್ರವೇ ಬೇಡ, ಕಳೆದ ಏಳು ದಿನದ ಸರಾಸರಿಯನ್ನೇ ಹೇಳಿಬಿಡುತ್ತೇನೆ ಎಂದಿದ್ದರೆ ಇಪ್ಪತ್ತೆರಡು ನಿಮಿಷ ತಪ್ಪುತ್ತಿತ್ತು. ಐದು ನಿಮಿಷದ ಲಾಭಕ್ಕೆ ಮೂರು ತಿಂಗಳು! ಅಷ್ಟರಲ್ಲಿ ನವೆಂಬರ್ ಬಂತು. ನಮ್ಮಲ್ಲಿ ಅಡಿಕೆ ಕೊಯ್ಲು ಶುರುವಾದರೆ ಅಂಗಳದಲ್ಲಿ ರಾತ್ರಿ ಹನ್ನೊಂದರವರೆಗೆ ಸುಲಿತ, ಆಮೇಲೆ ಬೇಯಿಸುವ ಕೆಲಸ. ಮಳೆಗಾಲದಲ್ಲಿ ಕಲಿತ ಯಂತ್ರ ಇಡೀ ಮನೆಗೆ ಕಾಯಿಲೆ ಬಂದಿದೆ ಎಂಬಂತೆ ಕೆಂಪು ಗುರುತುಗಳನ್ನು ಹಾಕತೊಡಗಿತು. ಅದು ಮುಗಿಯುವಷ್ಟರಲ್ಲಿ ಧನುರ್ಮಾಸ. ಆಯಿ ಬೆಳಗಿನ ನಾಲ್ಕಕ್ಕೇ ಏಳುತ್ತಾಳೆ.

ಹಾಗಾದರೆ ಇದೆಲ್ಲ ದಂಡವೇ? ಹಾಗೆ ಹೇಳಲಾರೆ. ಫೆಬ್ರುವರಿಯ ಒಂದು ವಾರ ಮಂಚದಿಂದ ಬಚ್ಚಲಿಗೆ ಹೋಗುವ ಸಂಖ್ಯೆ ರಾತ್ರಿಗೆ ಒಂದರಿಂದ ನಾಲ್ಕಕ್ಕೆ ಏರಿತು. ಅಷ್ಟರಲ್ಲಿ ಬೆಕ್ಕಿಗೆ ಬೇರೆ ದಾರಿ ಮಾಡಿದ್ದೆ. ಆದ್ದರಿಂದ ಅದು ಆಯಿಯೇ. ಅವಳನ್ನು ಕೇಳಿದರೆ, 'ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ' ಎಂದಳು. ವೈದ್ಯರ ಹತ್ತಿರ ಹೋದೆವು. ಅವರು ಯಂತ್ರದ ಕಾಗದವನ್ನು ಪಕ್ಕಕ್ಕಿಟ್ಟು ಮಾತ್ರೆಯ ಡಬ್ಬಿ ತೆರೆಯಲು ಹೇಳಿದರು. ರಕ್ತದೊತ್ತಡಕ್ಕೆ ಕೊಟ್ಟಿದ್ದ, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಬೆಳಗಿನ ಖಾನೆಯ ಬದಲು ರಾತ್ರಿಯ ಖಾನೆಗೆ ಹಾಕಲಾಗಿತ್ತು. ಹಾಕಿದವನು ನಾನೇ. ಕಾಯಿಲೆ ಏನೆಂದು ಯಂತ್ರ ಹೇಳಲಿಲ್ಲ. 'ಈ ವಾರ ಕಳೆದ ವಾರದ ಹಾಗಿಲ್ಲ' ಎಂದಿತು, ಅಷ್ಟೇ. ಅಷ್ಟೇ ಸಾಕಾಯಿತು. ನಾಳಿನ ನಿದ್ದೆಯನ್ನು ಹೇಳುವುದಕ್ಕಿಂತ, ರೂಢಿ ಎಲ್ಲಿ ಮುರಿಯಿತು ಎಂದು ತೋರಿಸುವುದರಲ್ಲಿ ಇವುಗಳಿಗೆ ಹೆಚ್ಚು ಜಾಣತನವಿದೆ. ಮುನ್ಸೂಚನೆ ಬೇಕಾಗುವುದೂ ಅದಕ್ಕಾಗಿಯೇ. ಹೀಗಿರಬೇಕಿತ್ತು ಎಂದು ಗೊತ್ತಿದ್ದರೆ ತಾನೆ ಹಾಗಿಲ್ಲ ಎನ್ನಲು ಬರುವುದು? ಅಮೆರಿಕದ ಮಿಸ್ಸೂರಿ ವಿಶ್ವವಿದ್ಯಾಲಯದವರು ಟೈಗರ್‌ಪ್ಲೇಸ್ ಎಂಬ ವೃದ್ಧರ ವಸತಿಯಲ್ಲಿ ಹಾಸಿಗೆಯ ಅಡಿಯ ಸೆನ್ಸರುಗಳನ್ನಿಟ್ಟು ವರ್ಷಗಟ್ಟಲೆ ಕೆಲಸ ಮಾಡಿದ್ದು ಇದೇ ತತ್ವದ ಮೇಲೆ. ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸದೆ ಅವರದೇ ಹಳೆಯ ರೂಢಿಯ ಜೊತೆ ಹೋಲಿಸುವುದು. ಆದರೆ ಅಲ್ಲಿ ಎಚ್ಚರಿಕೆ ಹೋಗುತ್ತಿದ್ದುದು ವಸತಿಯ ದಾದಿಯರಿಗೆ. ನಿಮ್ಮ ಮನೆಯಲ್ಲಿ ಅದು ಹೋಗುವುದು ಸಮುದ್ರದಾಚೆಯ ನಿಮ್ಮ ಫೋನಿಗೆ, ನೀವು ಕಚೇರಿಯ ಸಭೆಯಲ್ಲಿರುವಾಗ.

ಇನ್ನು ಅಮ್ಮ ಬೇಡ ಎನ್ನುತ್ತಿರುವ ವಿಷಯ. ಮಾತ್ರೆಯ ಪ್ರಸಂಗವಾದ ಮೇಲೆ ನಾನು ಪ್ರತಿದಿನ ಬೆಳಗ್ಗೆ ಆಯಿಗೆ ಲೆಕ್ಕ ಒಪ್ಪಿಸತೊಡಗಿದೆ: ನಿನ್ನೆ ಎರಡು ಸಲ ಎದ್ದೆ, ಮೂರೂವರೆಗೆ ಎದ್ದವಳು ಇಪ್ಪತ್ತು ನಿಮಿಷ ಮಲಗಲಿಲ್ಲ. ಒಂದು ದಿನ ನೋಡಿದರೆ ಮಂಚದ ಮೇಲಿನ ಸೆನ್ಸರಿಗೆ ಟವೆಲು ಹೊದಿಸಿದ್ದಳು. 'ಅದಕ್ಕೂ ಒಂದು ರಾತ್ರಿ ನಿದ್ದೆ ಬೇಡವೇನೋ ಮಾಣಿ?' ಎಂದಳು. ನಾನು ನಕ್ಕೆ. ಆದರೆ ವಾರದ ಮೇಲೆ ಹೆಂಡತಿ ಹೇಳಿದ ಸುದ್ದಿ ನಗುವಂಥದ್ದಾಗಿರಲಿಲ್ಲ. ನನಗೆ ಚಿಂತೆಯಾಗಬಾರದೆಂದು ಆಯಿ ಏಳಬೇಕಾದಾಗಲೂ ತಡೆದುಕೊಂಡು ಮಲಗಿರುತ್ತಿದ್ದಳು. ತಡೆಯಲಾಗದಿದ್ದರೆ ದೀಪ ಹಾಕದೆ ಗೋಡೆ ಹಿಡಿದುಕೊಂಡು ಹೋಗುತ್ತಿದ್ದಳು. ಸೆನ್ಸರಿಗೆ ದೀಪ ಕಾಣುತ್ತದೆ ಎಂದು ಅವಳ ಎಣಿಕೆ. ಬೀಳದಿರಲಿ ಎಂದು ಹಾಕಿದ ಯಂತ್ರ ಅವಳನ್ನು ಕತ್ತಲಲ್ಲಿ ನಡೆಸುತ್ತಿತ್ತು.

1990ರ ದಶಕದಲ್ಲಿ ಅಮೆರಿಕದ ಬೌಲ್ಡರ್ ಊರಿನಲ್ಲಿ ಮೈಕಲ್ ಮೋಝರ್ ಎಂಬ ಪ್ರಾಧ್ಯಾಪಕರು ತಾವು ವಾಸವಿದ್ದ ಮನೆಗೇ ನರಜಾಲ (ಮಿದುಳಿನ ನರಗಳ ಮಾದರಿಯಲ್ಲಿ ಕಲಿಯುವ ಪ್ರೋಗ್ರಾಂ) ಜೋಡಿಸಿದ್ದರು. ಯಜಮಾನ ಎಷ್ಟು ಹೊತ್ತಿಗೆ ಬರುತ್ತಾನೆಂದು ಊಹಿಸಿ ಅದು ಮನೆ ಬೆಚ್ಚಗೆ ಮಾಡಿಡುತ್ತಿತ್ತು. ಕೊನೆಗೆ, ಕೆಲಸದಲ್ಲಿ ತಡವಾದರೆ ಅಯ್ಯೋ ಮನೆ ಕಾಯುತ್ತಿದೆಯಲ್ಲ ಎಂಬ ಮುಜುಗರ ಅವರಿಗೇ ಶುರುವಾಯಿತಂತೆ. ಮನೆಯನ್ನು ಕಟ್ಟಿದ ವಿಜ್ಞಾನಿಯ ಪಾಡೇ ಹೀಗಾದರೆ ಆಯಿಯದ್ದು ಹೇಗಿರಬೇಡ!

ನಾನು ಕೊನೆಗೆ ಮಾಡಿದ್ದನ್ನು ಹೇಳುತ್ತೇನೆ. ಮಂಚದಿಂದ ಬಚ್ಚಲಿನವರೆಗೆ ನೆಲದಿಂದ ಗೇಣೆತ್ತರದಲ್ಲಿ, ಕಾಲಿಟ್ಟ ಕೂಡಲೇ ತಾನೇ ಹೊತ್ತಿಕೊಳ್ಳುವ ಮೂರು ಪುಟ್ಟ ದೀಪಗಳನ್ನು ಹಾಕಿದೆ. ಅವು ಯಾರಿಗೂ ಏನನ್ನೂ ವರದಿ ಮಾಡುವುದಿಲ್ಲ ಎಂದು ಆಯಿಯ ಮುಂದೆಯೇ ಬಿಚ್ಚಿ ತೋರಿಸಿದೆ. ಉಳಿದ ಸೆನ್ಸರುಗಳ ಲೆಕ್ಕ ಈಗ ನನ್ನ ಫೋನಿಗೆ ಬರುವುದಿಲ್ಲ. ಆಯಿಯ ಕೋಣೆಯ ಹಳೆಯ ಟ್ಯಾಬ್ಲೆಟ್ಟಿನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುತ್ತದೆ. ಬೇಕಾದರೆ ಅವಳೇ ಕರೆದು ಹೇಳುತ್ತಾಳೆ. ಶಿವರಾತ್ರಿಯಂದು 'ಇವತ್ತು ಜಾಗರಣೆ, ಇದನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಹೇಳಿಬಿಡು' ಎಂದು ಅಪ್ಪಣೆ ಮಾಡಿದಳು. ಆ ದಿನವನ್ನು ತೆಗೆದುಹಾಕುವ ಗುಂಡಿಯೊಂದನ್ನು ಮಾಡಿಕೊಟ್ಟಿದ್ದೇನೆ.

ಕಾನೂನಿನ ಮಾತೊಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಕಟ್ಟುಪಾಡು ಕಂಪನಿಗಳಿಗೆ ಅನ್ವಯಿಸುತ್ತದೆ. ವ್ಯಕ್ತಿಯೊಬ್ಬ ತನ್ನ ಸ್ವಂತ ಅಥವಾ ಮನೆಯ ಬಳಕೆಗೆ ಮಾಡುವುದಕ್ಕೆ ಅನ್ವಯಿಸುವುದಿಲ್ಲ. ಅಂದರೆ ಕಂಪನಿ ನಿಮ್ಮ ಅಮ್ಮನ ಒಪ್ಪಿಗೆ ಕೇಳಬೇಕು, ಮಗನಾದ ನೀವು ಕೇಳಬೇಕೆಂದು ಕಾಯ್ದೆ ಹೇಳುವುದಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ: ಈಗ ಹಾಕಿಸಬೇಡಿ. ನೆಲದ ದೀಪಗಳನ್ನು ಮಾತ್ರ ಹಾಕಿಸಿ. ಮುಂದಿನ ಸಲ ಊರಿಗೆ ಬಂದಾಗ ಒಂದೇ ಒಂದು ಬಾಗಿಲಿನ ಸ್ವಿಚ್ಚಿನಿಂದ ಶುರು ಮಾಡಿ, ಬೆಳಗಿನ ಏಳರವರೆಗೂ ಅಡುಗೆಮನೆಯ ಬಾಗಿಲು ತೆರೆಯದಿದ್ದರೆ ಪಕ್ಕದ ಮನೆಯವರಿಗೆ ಸುದ್ದಿ ಹೋಗುವಂತೆ ಮಾಡಬಹುದೇ ಎಂದು ಅಮ್ಮನನ್ನೇ ಕೇಳಿ. ಪಕ್ಕದ ಮನೆಯವರನ್ನೂ ಕೇಳಿ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೇವೆ. 'ಅರೂಬಾ' ದತ್ತಾಂಶ ಬಳಸಿ ನಿದ್ದೆಯನ್ನು ಊಹಿಸುವ ಪ್ರಾಜೆಕ್ಟ್ ಮಾಡಿದ್ದೇವೆ. 98 ಪ್ರತಿಶತ ನಿಖರತೆ ಬಂದಿದೆ. ವರದಿಯನ್ನು ಇದರ ಜೊತೆ ಕಳಿಸಿದ್ದೇವೆ. ಆದರೂ ಹೊರಗಿನಿಂದ ಬಂದ ಪರೀಕ್ಷಕರು 'ಇದರಲ್ಲೇನಿದೆ' ಎಂದು ಮುಖ ಸಿಂಡರಿಸಿದರು. ನಮ್ಮ ತಪ್ಪೇನು, ಸರ್?

ಉತ್ತರ: ಆ ಪರೀಕ್ಷಕರಿಗೆ ನನ್ನ ನಮಸ್ಕಾರ ತಿಳಿಸಿ. ಮುಖ ಸಿಂಡರಿಸುವ ಬದಲು ಹತ್ತು ನಿಮಿಷ ಕೂತು ವಿವರಿಸಿದ್ದರೆ ಇನ್ನೂ ದೊಡ್ಡ ನಮಸ್ಕಾರ ಹೇಳುತ್ತಿದ್ದೆ.

ಓದುಗರಿಗೆ ಒಂದಿಷ್ಟು ಹಿನ್ನೆಲೆ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಯಾನ್ ಕುಕ್ ಅವರ ನೇತೃತ್ವದ ಕಾಸಾಸ್ ತಂಡ ಹಲವು ಮನೆಗಳಲ್ಲಿ ಸೆನ್ಸರುಗಳನ್ನಿಟ್ಟು, ದಾಖಲೆಯನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿದೆ. ಆ ಮನೆಗಳಿಗೆ ಅರೂಬಾ, ಮಿಲಾನ್, ಕೈರೋ ಎಂದು ಸ್ಥಳಗಳ ಹೆಸರನ್ನು ಇಟ್ಟಿದ್ದಾರೆ. ಅರೂಬಾದಲ್ಲಿ ಇದ್ದದ್ದು ಒಬ್ಬ ಮಹಿಳೆ; ಮಕ್ಕಳು ಮೊಮ್ಮಕ್ಕಳು ಬಂದು ಹೋಗುತ್ತಿದ್ದರು. ಆ ಕಡತದ ಮೊದಲ ಸಾಲೇ ನಿದ್ದೆಯದು: 2010ರ ನವೆಂಬರ್ 4, ನಡುರಾತ್ರಿ 12 ಗಂಟೆ 3 ನಿಮಿಷ 50 ಸೆಕೆಂಡು, ಎಂ003 ಎಂಬ ಚಲನೆಯ ಸೆನ್ಸರ್ ಆನ್, ನಿದ್ದೆ ಆರಂಭ. ಅಲ್ಲಿಂದ 2011ರ ಜೂನ್ 11ರವರೆಗೆ ಆಕೆಯ ಬದುಕು ಹೀಗೆಯೇ ಸಾಲು ಸಾಲಾಗಿ ಹರಿಯುತ್ತದೆ. ನಾನು ಅದನ್ನು ಮೊದಲ ಸಲ ತೆರೆದಾಗ ಯಾರದೋ ದಿನಚರಿಯನ್ನು ಕದ್ದು ಓದಿದ ಹಾಗೆ ಅನ್ನಿಸಿ ಮುಚ್ಚಿಬಿಟ್ಟಿದ್ದೆ.

ಈಗ ನಿಮ್ಮ 98ಕ್ಕೆ ಬರೋಣ. ಒಂದು ಸಣ್ಣ ಲೆಕ್ಕ ಮಾಡಿ. ಒಬ್ಬರು ಸರಿಸುಮಾರು ಹತ್ತೂವರೆಗೆ ಮಲಗಿ ಐದೂವರೆಗೆ ಏಳುತ್ತಾರೆ ಎಂದುಕೊಳ್ಳಿ. ನಾನು ಯಾವ ಯಂತ್ರವನ್ನೂ ಮುಟ್ಟದೆ 'ಹತ್ತೂವರೆಯಿಂದ ಐದೂವರೆ ನಿದ್ದೆ, ಉಳಿದದ್ದು ಎಚ್ಚರ' ಎಂದು ಕಾಗದದಲ್ಲಿ ಬರೆದು ಅಂಟಿಸುತ್ತೇನೆ. ಆ ದಿನ ಅವರು ಎರಡೂ ಕಡೆ ಅರ್ಧರ್ಧ ಗಂಟೆ ಆಚೀಚೆ ಮಾಡಿದರೂ ದಿನದ 1440 ನಿಮಿಷಗಳಲ್ಲಿ ನಾನು ತಪ್ಪುವುದು 60 ನಿಮಿಷ. ನಿಖರತೆ 95.8 ಪ್ರತಿಶತ! ನಿಮ್ಮ ಪ್ರಾಜೆಕ್ಟು ಸೋಲಿಸಬೇಕಾದದ್ದು ಆ ಕಾಗದದ ಚೀಟಿಯನ್ನು, ಸೊನ್ನೆಯನ್ನಲ್ಲ. ಇನ್ನು ರಾತ್ರಿ ಮೂರು ಮೂರು ನಿಮಿಷದಂತೆ ಎರಡು ಸಲ ಬಚ್ಚಲಿಗೆ ಹೋದರೆ ಅದು ದಿನದ ಅರ್ಧ ಪ್ರತಿಶತವೂ ಅಲ್ಲ. ಅದನ್ನು ಒಮ್ಮೆಯೂ ಗುರುತಿಸದ ಯಂತ್ರಕ್ಕೂ ಅಂಕ ಕಡಿಮೆಯಾಗುವುದಿಲ್ಲ. ಅರೂಬಾದಲ್ಲಿ ನಿದ್ದೆಯ ದಾಖಲೆ 401, ಹಾಸಿಗೆಯಿಂದ ಶೌಚಾಲಯಕ್ಕೆ ಹೋದದ್ದು 157. ವೈದ್ಯರಿಗೆ ಬೇಕಾದದ್ದು ಬಹುಶಃ ಆ 157. ಅದರಲ್ಲಿ ಎಷ್ಟನ್ನು ನೀವು ಹಿಡಿದಿರಿ ಎಂದು ನಿಮ್ಮ ವರದಿಯಲ್ಲಿ ಹುಡುಕಿದೆ; ಸಿಗಲಿಲ್ಲ. 2008ರಲ್ಲಿ ಟಿಮ್ ವ್ಯಾನ್ ಕಾಸ್ಟರೆನ್ ಮತ್ತು ಸಂಗಡಿಗರು ಒಬ್ಬ ಇಪ್ಪತ್ತಾರರ ಯುವಕನ ಮನೆಯಲ್ಲಿ 14 ಸೆನ್ಸರುಗಳಿಂದ 28 ದಿನ ದಾಖಲಿಸಿ ಬರೆದ ಪ್ರಬಂಧವನ್ನು ನೋಡಿ. ನಿಮಿಷಗಳ ಲೆಕ್ಕದಲ್ಲಿ ಅವರ ನಿಖರತೆ 95.6, ಪ್ರತಿಯೊಂದು ಚಟುವಟಿಕೆಗೂ ಸಮಾನ ತೂಕ ಕೊಟ್ಟರೆ 79.4. ಎರಡನ್ನೂ ಪಕ್ಕಪಕ್ಕದಲ್ಲೇ ಬರೆದಿದ್ದಾರೆ. ಪ್ರಾಮಾಣಿಕರು ಬರೆಯುವುದು ಹಾಗೆ.

ಎರಡನೆಯ ತಪ್ಪು, ಮತ್ತು ಇದೇ ದೊಡ್ಡದು: ನೀವು ಎಲ್ಲ ಸಾಲುಗಳನ್ನೂ ಇಸ್ಪೀಟಿನಂತೆ ಕಲಸಿ, ನೂರಕ್ಕೆ ಎಂಬತ್ತನ್ನು ಕಲಿಯಲು, ಇಪ್ಪತ್ತನ್ನು ಪರೀಕ್ಷೆಗೆ ಎಂದು ಹಂಚಿದ್ದೀರಿ. ಎರಡು ಗಂಟೆ ಹತ್ತು ನಿಮಿಷದ ಸಾಲು ಕಲಿಕೆಯಲ್ಲಿದೆ, ಎರಡು ಗಂಟೆ ಹನ್ನೊಂದು ನಿಮಿಷದ್ದು ಪರೀಕ್ಷೆಯಲ್ಲಿದೆ. ಇದು ಊಹೆಯೇ? ಪಕ್ಕದ ಹುಡುಗನ ಉತ್ತರಪತ್ರಿಕೆ ನೋಡಿ ಬರೆದ ಹಾಗಾಯಿತು. ದಿನಾಂಕದ ಪ್ರಕಾರ ಕತ್ತರಿಸಿ: ನವೆಂಬರಿನಿಂದ ಮಾರ್ಚಿನವರೆಗೆ ಕಲಿಸಿ, ಏಪ್ರಿಲಿನಿಂದ ಜೂನಿನವರೆಗೆ ಪರೀಕ್ಷಿಸಿ. ನಿಖರತೆ ಕುಸಿಯುತ್ತದೆ, ಕುಸಿಯಲಿ. ಆಮೇಲೆ ಅರೂಬಾದಲ್ಲಿ ಕಲಿತದ್ದನ್ನು ಮಿಲಾನ್ ಮನೆಗೆ ಕೊಂಡುಹೋಗಿ. ಅಲ್ಲಿ ಸಾಕುಪ್ರಾಣಿ ಇದೆ. ನನ್ನ ಬೆಕ್ಕಿನ ಕಥೆ ಆಗ ನಿಮಗೆ ಅರ್ಥವಾಗುತ್ತದೆ.

ಮೂರನೆಯದು ನಿಮ್ಮ ತಪ್ಪಲ್ಲ, ಆದರೆ ವೈವಾದಲ್ಲಿ ಹೇಳಿದರೆ ಗೌರವ ಸಿಗುತ್ತಿತ್ತು. ಆ ಕಡತದಲ್ಲಿ 'ನಿದ್ದೆ' ಎಂಬ ಹಣೆಪಟ್ಟಿ ಹಚ್ಚಿದವರು ಯಾರು? ಆಕೆಯ ತಲೆಗೆ ತಂತಿ ಜೋಡಿಸಿ ನೋಡಿದವರಲ್ಲ. ಮನೆಯ ನಕ್ಷೆ, ನಿವಾಸಿಯ ದಿನಚರಿಯ ವಿವರ, ಸೆನ್ಸರುಗಳ ಸಾಲು ಇವನ್ನು ಮುಂದಿಟ್ಟುಕೊಂಡು ಇದು ನಿದ್ದೆಯೇ ಇರಬೇಕು ಎಂದು ಗುರುತು ಹಾಕಿದವರು. ಹಾಗಾಗಿ ನಿಮ್ಮ ಯಂತ್ರ ಕಲಿತದ್ದು ಆಕೆಯ ನಿದ್ದೆಯನ್ನಲ್ಲ, ಗುರುತು ಹಾಕಿದವರ ಊಹೆಯನ್ನು. ಆಸ್ಪತ್ರೆಯ ನಿದ್ರಾ ಪರೀಕ್ಷೆಯಲ್ಲಿ ಮಿದುಳಿನ ಅಲೆ, ಕಣ್ಣಿನ ಚಲನೆ, ಗಲ್ಲದ ಸ್ನಾಯುವಿನ ಬಿಗಿತ ಇವೆಲ್ಲವನ್ನೂ ದಾಖಲಿಸಿ, ರಾತ್ರಿಯನ್ನು 30 ಸೆಕೆಂಡುಗಳ ಚೂರುಗಳಾಗಿ ಮಾಡಿ ಒಂದೊಂದಕ್ಕೂ ನಿದ್ದೆಯ ಹಂತದ ಹೆಸರು ಕೊಡುತ್ತಾರೆ. ಅಲ್ಲಿಯೂ ಪಳಗಿದ ತಜ್ಞರು ಒಬ್ಬರನ್ನೊಬ್ಬರು ಒಪ್ಪುವುದು ಸುಮಾರು ನೂರಕ್ಕೆ ಎಂಬತ್ತೆರಡು ಚೂರುಗಳಲ್ಲಿ. ತಜ್ಞರೇ ಎಂಬತ್ತೆರಡರಲ್ಲಿ ನಿಂತಿರುವಾಗ ಗೋಡೆಯ ಮೇಲಿನ ಗುಬ್ಬಿ 98 ಎಂದು ಕೂಗಿದರೆ ಪರೀಕ್ಷಕರ ಮುಖ ಸಿಂಡರದೆ ಏನಾದೀತು?

ಎಲ್‌ಎಸ್‌ಟಿಎಂ ಎಂಬ, ಹಿಂದಿನದನ್ನು ನೆನಪಿಟ್ಟು ಕಲಿಯುವ ನರಜಾಲವನ್ನು ಬಳಸಿದ್ದೀರಿ, ಬಳಸಿ, ಬೇಡವೆನ್ನುವುದಿಲ್ಲ. ಆದರೆ ಏಳು ತಿಂಗಳ ಒಂದು ಮನೆಯ ದಾಖಲೆಗೆ ಅಷ್ಟು ದೊಡ್ಡ ಆನೆ ಬೇಕಿರಲಿಲ್ಲ. ಮುಂದಿನ ವರದಿಯಲ್ಲಿ ನಿಖರತೆಯ ಪ್ರತಿಶತ ಬಿಟ್ಟು, ಮಲಗುವ ಹೊತ್ತನ್ನು ಎಷ್ಟು ನಿಮಿಷ ತಪ್ಪಿ ಹೇಳಿದಿರಿ ಎಂದು ಬರೆಯಿರಿ. ಅದು ನಿಮ್ಮ ಅಜ್ಜಿಗೂ ಅರ್ಥವಾಗುತ್ತದೆ.

ಪ್ರಶ್ನೆ: ನನ್ನ ಯಜಮಾನರಿಗೆ ಮಗಳು ಸ್ಮಾರ್ಟ್ ವಾಚ್ ಕೊಡಿಸಿದ್ದಾಳೆ. ಬೆಳಗ್ಗೆ ಎದ್ದಾಗ ಲವಲವಿಕೆಯಿಂದಲೇ ಇರುತ್ತಾರೆ. ವಾಚ್ ನೋಡಿ 'ಗಾಢನಿದ್ದೆ ಬರೀ 38 ನಿಮಿಷ' ಎಂದು ಗೊತ್ತಾದ ಕೂಡಲೇ ಸುಸ್ತಾಗಿಬಿಡುತ್ತಾರೆ. ಏನು ಮಾಡಲಿ? — ಪುತ್ತೂರಿನ ಓದುಗರು

ಉತ್ತರ: ಅಮ್ಮಾ, ಈ ಪೀಡೆಗೆ ಹೆಸರೂ ಬಂದಾಗಿದೆ. 2017ರಲ್ಲಿ ಅಮೆರಿಕದ ನಿದ್ರಾ ತಜ್ಞರು ಇದನ್ನು ಆರ್ಥೊಸೋಮ್ನಿಯಾ ಎಂದು ಕರೆದರು: ಸಾಧನ ತೋರಿಸುವ ಅಂಕಿಯನ್ನು ಸರಿಮಾಡುವ ಹಟದಲ್ಲಿ ಇದ್ದ ನಿದ್ದೆಯನ್ನೂ ಕೆಡಿಸಿಕೊಳ್ಳುವುದು. ವಾಚಿಗೆ ಗೊತ್ತಿರುವುದು ಮಣಿಕಟ್ಟಿನ ಅಲುಗಾಟ ಮತ್ತು ಹಸಿರು ಬೆಳಕಿನಿಂದ ಅಳೆದ ನಾಡಿಬಡಿತ. ನಿದ್ದೆ ಹತ್ತಿದೆಯೇ ಎಂಬುದನ್ನು ಅದು ತಕ್ಕಮಟ್ಟಿಗೆ ಹೇಳುತ್ತದೆ. ಅಲುಗದೆ ಎಚ್ಚರವಿದ್ದವರನ್ನು ಮಾತ್ರ ನಿದ್ದೆಯ ಲೆಕ್ಕಕ್ಕೇ ಸೇರಿಸುತ್ತದೆ. ಗಾಢನಿದ್ದೆಯನ್ನು ನಿಜವಾಗಿ ಗುರುತಿಸುವುದು ಮಿದುಳಿನ ನಿಧಾನದ ಅಲೆಗಳಿಂದ. ಮಣಿಕಟ್ಟಿನಲ್ಲಿ ಮಿದುಳಿಲ್ಲ. ಎರಡು ವಾರ ವಾಚನ್ನು ರಾತ್ರಿ ಹೊತ್ತು ಬೀರುವಿನಲ್ಲಿಡಿ, ಬೀಗದ ಕೈ ನಿಮ್ಮ ಹತ್ತಿರವೇ ಇರಲಿ. ಆದರೆ ಒಂದನ್ನು ನೀವೇ ಗಮನಿಸಿ: ಅವರು ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ನಿಂತಂತಾಗಿ, ಮತ್ತೆ ಏದುಸಿರಿನಿಂದ ಹಿಡಿಯುತ್ತಾರೆಯೇ? ಹಗಲು ಬಸ್ಸಿನಲ್ಲಿ, ಪೇಪರ್ ಓದುವಾಗ ತೂಕಡಿಸುತ್ತಾರೆಯೇ? ಹೌದಾದರೆ ವಾಚ್ ಏನೇ ಹೇಳಲಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ನಲವತ್ತು ವರ್ಷ ಪಕ್ಕದಲ್ಲಿ ಮಲಗಿದವರ ಸಾಕ್ಷ್ಯಕ್ಕೆ ವೈದ್ಯರು ಬೆಲೆ ಕೊಡುತ್ತಾರೆ.

ಪ್ರಶ್ನೆ: ಕಲಬುರಗಿಯವರು ನಾವು. ಚಲನೆ ಇಲ್ಲದಿದ್ದರೆ 'ಎಲ್ಲರೂ ಮಲಗಿದ್ದಾರೆ' ಎಂದು ತಿಳಿದು ದೀಪ ಆರಿಸುವ ವ್ಯವಸ್ಥೆ ಇದೆ. ಮೇ ತಿಂಗಳಿನಲ್ಲಿ ನಾವು ಓಡಾಡುತ್ತಿದ್ದರೂ ಆರಿಸುತ್ತದೆ. ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ, ಬೆಂದಿದೆ. ಸೆನ್ಸರಿಗೆ ಬೇಕಾದದ್ದು ಮೈಬಿಸಿಗೂ ಕೋಣೆಯ ಬಿಸಿಗೂ ಇರುವ ವ್ಯತ್ಯಾಸ. ನಿಮ್ಮೂರಿನ ಬೇಸಿಗೆಯಲ್ಲಿ ಗೋಡೆಯ ಬಿಸಿಯೂ ನಿಮ್ಮ ಮೈಯ ಬಿಸಿಯೂ ಹೆಚ್ಚುಕಡಿಮೆ ಒಂದೇ. ಅದಕ್ಕೆ ನೀವು ಗೋಡೆಯ ಹಾಗೆಯೇ ಕಾಣುತ್ತೀರಿ. ಸೂಕ್ಷ್ಮತೆಯ ತಿರುಪನ್ನು ಹೆಚ್ಚಿಸಿದರೆ ಒಂದಿಷ್ಟು ಪ್ರಯೋಜನವಾಗಬಹುದು. ಆದರೆ ಆಗ ಬಿಸಿಗಾಳಿಗೆ ಹಾರುವ ಪರದೆಯನ್ನೂ, ಸೆನ್ಸರಿನ ಮುಖದ ಮೇಲೆ ಹರಿದಾಡುವ ಹಲ್ಲಿಯನ್ನೂ ಮನುಷ್ಯರೆಂದು ಎಣಿಸೀತು. ಹಲ್ಲಿಯ ಶಕುನವನ್ನು ನಂಬುವವರು ನಮ್ಮಲ್ಲಿ ಮೊದಲೇ ಇದ್ದರು, ಈಗ ಯಂತ್ರವೂ ಸೇರಿತು. ಏಪ್ರಿಲ್, ಮೇ ಎರಡು ತಿಂಗಳು ಆ ನಿಯಮವನ್ನೇ ಆರಿಸಿಡಿ. ಹೇಗೂ ಆಗ ನೀವೆಲ್ಲ ಮಾಳಿಗೆಯ ಮೇಲೆ ತಾನೆ ಮಲಗುವುದು?

ಪ್ರಶ್ನೆ: ನಾನು ಎಂಟನೆಯ ತರಗತಿ. ನಿದ್ದೆ ಬಂದ ಹಾಗೆ ನಟಿಸಿದರೆ ಯಂತ್ರಕ್ಕೆ ಗೊತ್ತಾಗುತ್ತದೆಯೇ? — ಹಾಸನದಿಂದ

ಉತ್ತರ: ಬಂದ ಪತ್ರಗಳಲ್ಲೆಲ್ಲ ಒಳ್ಳೆಯ ಪ್ರಶ್ನೆ ನಿನ್ನದೇ ಪುಟ್ಟ. ಗೋಡೆಯ ಸೆನ್ಸರನ್ನು ಸುಲಭವಾಗಿ ಮೋಸ ಮಾಡಬಹುದು, ಅಲುಗಾಡದಿದ್ದರೆ ಸಾಕು. ವಾಚ್ ಕೂಡ ಬಹುಮಟ್ಟಿಗೆ ನಂಬಿಬಿಡುತ್ತದೆ. ಹಾಸಿಗೆಯ ಅಡಿಗೆ ಇಡುವ ಪಟ್ಟಿ ಮತ್ತು 2021ರಲ್ಲಿ ಗೂಗಲ್ ನೆಸ್ಟ್ ಹಬ್‌ನಲ್ಲಿ ಬಂದಂಥ ಪುಟ್ಟ ರೇಡಾರ್ ಕಷ್ಟದವು. ಅವು ಎದೆಯ ಏರಿಳಿತವನ್ನು ಗಮನಿಸುತ್ತವೆ. ಗಾಢನಿದ್ದೆಯಲ್ಲಿ ಉಸಿರು ನಿಧಾನವಾಗಿ ಒಂದೇ ಲಯಕ್ಕೆ ಬರುತ್ತದೆ. ನಟಿಸುವವರು ಸ್ವಲ್ಪ ಹೊತ್ತಿನಲ್ಲೇ ಲಯ ತಪ್ಪುತ್ತಾರೆ. ಮಿದುಳಿನ ಅಲೆ ನೋಡುವ ಯಂತ್ರದ ಮುಂದೆ ಮಾತ್ರ ಆಟ ನಡೆಯುವುದಿಲ್ಲ. ಎಚ್ಚರವಿದ್ದು ಕಣ್ಣು ಮುಚ್ಚಿದರೆ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಆಲ್ಫಾ ಅಲೆಗಳು ಸಾಮಾನ್ಯವಾಗಿ ಕಾಣುತ್ತವೆ, ನಿದ್ದೆ ಹತ್ತಿದ ಕೂಡಲೇ ಮಾಯವಾಗುತ್ತವೆ. ಅದನ್ನು ಬೇಕೆಂದು ಅಡಗಿಸುವುದು ಬಹಳ ಕಷ್ಟ.

ಇನ್ನು ಅಮ್ಮನ ಮುಂದೆ ನಟಿಸುವುದಿದ್ದರೆ ಕಣ್ಣನ್ನು ಗಟ್ಟಿಯಾಗಿ ಮುಚ್ಚಬೇಡ. ರೆಪ್ಪೆ ಅದುರುತ್ತದೆ. ನನ್ನನ್ನು ಆಯಿ ಹಿಡಿಯುತ್ತಿದ್ದುದು ಅದರಿಂದಲೇ.